ನುಂಗವ್ವನ ಉಪ್ಪು

ನನ್ನ ಹೆಸರು ವೀರೇಶ. ಹೆಸರಿಗೂ ಆಸಾಮಿಗೂ ಸಂಬಂಧವಿಲ್ಲ ಎಂದು ನನ್ನ ಅತ್ತೆ ಬಸಲಿಂಗವ್ವ ಮದುವೆಯಾದ ವರ್ಷವೇ ಓಣಿಗೆಲ್ಲ ಸಾರಿದ್ದಾರೆ. ಸುಳ್ಳೇನಲ್ಲ. ಹಲ್ಲಿ ಬಿದ್ದರೆ ಬೆಚ್ಚುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಮರಳಿ ಬರುತ್ತೇನೆ. ಇಂಥವನನ್ನು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನುಂಗವ್ವನ ಕಾವಲಿಗೆ ಇಟ್ಟಿದ್ದರು. ಇಟ್ಟವರು ಡಾಕ್ಟರ್ ಪ್ರಭಾವತಿ ಹುಯಿಲಗೋಳ. "ಇಂಥಾ ಕೆಲಸಕ್ಕ ಧೈರ್ಯವಂತರು ಬ್ಯಾಡೋ ವೀರೇಶ, ಅಂಜೂ ಮಂದೀನ ಬೇಕು" ಎಂದು ಅವರು ಸಂದರ್ಶನದ ದಿನವೇ ಹೇಳಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಸೇರಿಕೊಂಡೆ.

ನುಂಗವ್ವ ಎಂದರೆ ಒಂದು ದೊಡ್ಡ ಉಕ್ಕಿನ ತೊಟ್ಟಿ. ಅದರೊಳಗೆ ಬೂದುಬಣ್ಣದ ಗಂಜಿಯಂಥ ದ್ರವ. ಆ ದ್ರವದ ತುಂಬ ಹುಯಿಲಗೋಳ ಮೇಡಂ ಅರ್ಧ ಆಯುಷ್ಯ ಸವೆಸಿ ತಿದ್ದಿ ತೀಡಿದ ಬ್ಯಾಕ್ಟೀರಿಯಾ. ಆಸ್ಪತ್ರೆಯ ಲ್ಯಾಬುಗಳಲ್ಲಿ ದಿನವೂ ಏನೇನು ಉಳಿಯುತ್ತದೆ ಎಂಬುದನ್ನು ಊಟದ ಹೊತ್ತಿನಲ್ಲಿ ಹೇಳಬಾರದು. ರಕ್ತ ಕುಡಿದ ಹತ್ತಿ, ಕ್ಷಯದವರ ಕಫ, ರೋಗಾಣು ಬೆಳೆಸಿ ನೋಡಿದ ಪಾಚಿಯಂಥ ಮುದ್ದೆ, ಪರೀಕ್ಷೆಗೆ ಕೊಯ್ದ ಮಾಂಸದ ಚೂರು. ಮೊದಲೆಲ್ಲ ಅದನ್ನು ಊರಾಚೆ ಒಯ್ದು ಸುಡುತ್ತಿದ್ದರು. ದಾರಿಯಲ್ಲಿ ಚೀಲ ಒಡೆಯುತ್ತಿತ್ತು, ನಾಯಿ ಎಳೆಯುತ್ತಿದ್ದವು, ಸುಟ್ಟ ಹೊಗೆ ಸುತ್ತಲಿನವರ ಎದೆಗೆ ಇಳಿಯುತ್ತಿತ್ತು. ನುಂಗವ್ವ ಬಂದ ಮೇಲೆ ಆ ರಗಳೆ ಇಲ್ಲ. ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ಹಳದಿ ಚೀಲವನ್ನು ಬಾಯಿ ಬಿಚ್ಚದೆ ತೊಟ್ಟಿಗೆ ಹಾಕಿದರೆ ಸಂಜೆಗೆ ಚೀಲವೂ ಇಲ್ಲ, ಒಳಗಿನದೂ ಇಲ್ಲ. ನೀರು ಆವಿಯಾಗಿ ಕೊಳವೆಯಲ್ಲಿ ತಣಿದು ಶುದ್ಧವಾಗಿ ಹೊರಬೀಳುತ್ತದೆ. ಹೆಸರಿಟ್ಟವರು ಕಸದ ಗಾಡಿ ತಳ್ಳುವ ಹೆಂಗಸರು. ಶುಕ್ರವಾರ ಮುಚ್ಚಳಕ್ಕೆ ಕುಂಕುಮ ಹಚ್ಚುತ್ತಿದ್ದವರೂ ಅವರೇ.

ಸತ್ತದ್ದನ್ನೆಲ್ಲ ತಿನ್ನುವ ಜೀವ ಹೊರಗೆ ಬಂದರೆ ಗತಿಯೇನು ಎಂದು ಮೊದಲ ದಿನವೇ ಕೇಳಿದ್ದೆ. ಮೇಡಂ ನಕ್ಕು ಎರಡು ಬೀಗದ ಕಥೆ ಹೇಳಿದರು. ಒಂದು, ಬದುಕಿರುವ ಯಾವ ಕೋಶವನ್ನೂ ಅದು ಮುಟ್ಟಲಾರದು, ಮುಟ್ಟದ ಹಾಗೆ ಅದರ ಹಲ್ಲು ಕಿತ್ತಿದ್ದಾರೆ. ಎರಡು, ಅದಕ್ಕೊಂದು ಉಪ್ಪು ಬೇಕು. ಆ ಉಪ್ಪು ಮಣ್ಣಿನಲ್ಲಿಲ್ಲ, ಸಮುದ್ರದಲ್ಲಿಲ್ಲ, ಒಂದು ಕಾರ್ಖಾನೆಯಲ್ಲಿ ಮಾತ್ರ ತಯಾರಾಗುತ್ತದೆ. ನೀರಿನಲ್ಲಿ ಕರಗಿಸಿ ನೀಲಿ ಡ್ರಮ್ಮುಗಳಲ್ಲಿ ಕಳಿಸುತ್ತಾರೆ. ಸಾಸಿವೆಯಷ್ಟು ಸಾಕು, ಆದರೆ ಅಷ್ಟಾದರೂ ಬೇಕೇ ಬೇಕು. ಅದಿಲ್ಲದೆ ಬೆಳಿಗ್ಗೆ ಚೆಲ್ಲಿದ ಹನಿ ಸಂಜೆಯೊಳಗೆ ಸಾಯುತ್ತದೆ. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ನನ್ನ ಮಟ್ಟಿಗೆ ಅದು ದೊಡ್ಡ ಮಾತು.

ಕಥೆ ಶುರುವಾದದ್ದು ಹಾಜರಿ ಯಂತ್ರದ ಮುಂದೆ. ಬೆಳಿಗ್ಗೆ ಬಂದಾಗ ಅಲ್ಲಿ ಗದ್ದಲ ನಡೆದಿತ್ತು. ಫಕೀರವ್ವ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಒರೆಸಿ ಗಾಜಿನ ಮೇಲೆ ಒತ್ತುತ್ತಿದ್ದಳು. ಕಸದ ಗಾಡಿಯವರಲ್ಲಿ ಅವಳೇ ಹಿರಿಯಳು, ನನ್ನ ಅತ್ತೆಯ ಓಣಿಯವಳು. ಯಂತ್ರ ಕೆಂಪು ದೀಪ ಹಚ್ಚಿ ಪೀಂ ಎನ್ನುತ್ತಿತ್ತು. ಅವಳ ಹಿಂದೆ ನಿಂತ ಹೆಂಗಸರ ಪಾಡೂ ಅದೇ ಆಗಿತ್ತು.

"ನೋಡ್ರಿ ಸಾಹೇಬ್ರ, ನಾ ಸತ್ತೇನಂತ ಬರಕೊಂಡೈತೇನ ಇದು?" ಎಂದಳು ಫಕೀರವ್ವ. "ಭಾಂಡೆ ತಿಕ್ಕಿ ತಿಕ್ಕಿ ಗೆರಿ ಸವದಾವ ಅಂತ ಸೂಪರ್‌ವೈಜರ್ ನಗತಾರ."

ಸವೆದ ಬೆರಳು ನಾನು ನೋಡಿದ್ದೇನೆ, ಅದು ಒರಟಾಗಿರುತ್ತದೆ. ಫಕೀರವ್ವನ ಹೆಬ್ಬೆಟ್ಟು ನುಣ್ಣಗೆ, ತಿಳಿಗೆಂಪಾಗಿ, ಎಳೆಗೂಸಿನ ಕೆನ್ನೆಯ ಹಾಗಿತ್ತು. ಜೀವಮಾನವಿಡೀ ದುಡಿದ ಆ ಅಂಗೈಯಲ್ಲಿ ಒಂದು ಗಡಸು ಗಂಟೂ ಉಳಿದಿರಲಿಲ್ಲ.

"ಕೈಗವಸು ಹಾಕ್ಕೋತೀಯಿಲ್ಲೋ?"

"ಹಾಕ್ಕೋತೇನ್ರಿ. ನಿಮ್ಮ ಕಣ್ಣ ಮುಂದನ ಹಾಕ್ಕೋತೇನಲ್ರಿ."

ನಿಜ. ನನ್ನ ಕೋಣೆಯ ಗಾಜಿನಿಂದ ನಾನು ದಿನವೂ ನೋಡುತ್ತಿದ್ದೆ. ಕೋಣೆಗೆ ಹೋಗಿ ಕಂಪ್ಯೂಟರ್ ಪರದೆ ನೋಡಿದರೆ ಎಲ್ಲ ಹಸಿರು. ತೊಟ್ಟಿ ಸೋರಿಲ್ಲ, ಬಿಸಿ ಸರಿ, ಗಾಳಿ ಸರಿ. ಮುಚ್ಚಳದ ಸಂದಿನಿಂದ ನುಂಗವ್ವನ ಎಂದಿನ ವಾಸನೆ ಬರುತ್ತಿತ್ತು. ಹೊಟ್ಟೆ ತುಂಬಿ ಕುಶಾಲಾಗಿದ್ದಾಗ ಅವಳಿಗೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಮೇಡಂಗೆ ಫೋನ್ ಮಾಡಿ ಬೆರಳಿನ ಸುದ್ದಿ ಹೇಳಿದೆ.

"ಸಾಬಾಣ ಬದಲಿಸ್ಯಾರೇನು ಕೇಳು," ಎಂದರು. "ಮತ್ತ ನೀ ಒಂದ್ ಕಪ್ ಚಾ ಕುಡಿ."

ಚಹಾ ಕುಡಿದೆ. ಸಾಬೂನು ಬದಲಾಗಿರಲಿಲ್ಲ.

ಮಧ್ಯಾಹ್ನ ಪಾಳಿ ಮುಗಿಸಿ ಹಳೇ ಹುಬ್ಬಳ್ಳಿಗೆ ಹೋದೆ. ನನ್ನ ಹೆಂಡತಿ ನೀಲಾಂಬಿಕಾ ಹಡೆದು ತವರಿನಲ್ಲಿದ್ದಳು. ನಮಗೆ ಮದುವೆಯಾಗಿ ತುಂಬ ವರ್ಷಕ್ಕೆ ಹುಟ್ಟಿದ ಕೂಸು. ಹೆಣ್ಣು. ತೊಟ್ಟಿಲಿಗೆ ಹಾಕುವುದು ಬರುವ ಗುರುವಾರವೆಂದು ಗೊತ್ತಾಗಿತ್ತು, ಅಲ್ಲಿಯತನಕ ಹೆಸರಿಲ್ಲ. ನಾನು ಪ್ರತಿದಿನ ಹೋಗಿ ಅದು ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ. ನೀಲಾ ನಗುತ್ತಿದ್ದಳು.

ಆ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ. ಅಲ್ಲಿಯವರ ಬದುಕು ನಡೆಯುವುದು ನಳದ ಲೆಕ್ಕದ ಮೇಲೆಯೇ. ನೀರು ಬರುವ ದಿನ ಯಾರೂ ಊರಿಗೆ ಹೋಗುವುದಿಲ್ಲ, ನಿಶ್ಚಯದ ಮಾತುಕತೆ ಇಟ್ಟುಕೊಳ್ಳುವುದಿಲ್ಲ. ಮನೆಗಳಲ್ಲಿ ಮಂಚದ ಕೆಳಗೆ ಕೊಡ, ಜಗಲಿಯ ಮೇಲೆ ಕೊಡ, ಬಚ್ಚಲಲ್ಲಿ ಡ್ರಮ್ಮು. ಒಂದು ಒಳ್ಳೆಯ ಡ್ರಮ್ಮಿಗೆ ಅಲ್ಲಿ ಇರುವ ಮರ್ಯಾದೆ ಅಳಿಯನಿಗೂ ಇಲ್ಲ.

"ಬರ್ರಿ ಅಳಿಯಂದ್ರ," ಎಂದರು ಅತ್ತೆ. ಮಾವ ತೀರಿಕೊಂಡ ಮೇಲೆ ಆ ಮನೆಯ ಯಜಮಾನಿಕೆ ಅವರದೇ. "ಕೈಕಾಲಿಗೆ ನೀರು ಹಗೂರಕ ಹಾಕ್ಕೋರಿ. ನಳ ಬರೂದು ನಾಳೆ ಮುಂಜಾನಿ." ಆಮೇಲೆ ಕೂಸಿನ ಅಂಗಿ ಸರಿಸಿ ತೋರಿಸಿದರು. "ನೋಡ್ರಿ, ಹೊಕ್ಕಳ ಎಷ್ಟ ಲಗೂನ ಉದರಿ ಬಿತ್ತು. ನೀಲಾಂದು ವಾರ ದಾಟಿತ್ತು. ಇದರದು ಮೂರನೇ ದಿನಕ್ಕ ಕೊಯ್ದಂಗ ಸ್ವಚ್ಛ. ನನ್ನ ಕೈಲೆ ಎರದದ್ದ ಅದು."

ಕೂಸಿನ ಮೈ ತುಂಬ ಕೆಂಪಗೆ, ತೆಳ್ಳಗೆ, ಸುಲಿದ ತೊಗರಿಕಾಳಿನ ಹಾಗೆ ಹೊಳೆಯುತ್ತಿತ್ತು. ನಾನು ಅದರ ಕೈ ಹಿಡಿದೆ. ಹುಟ್ಟಿದ ದಿನ ಉಗುರು ಉದ್ದವಿದ್ದು ತನ್ನ ಕೆನ್ನೆಯನ್ನೇ ಗೀರಿಕೊಂಡಿತ್ತು. ಗೀರು ಕಣ್ಣಿಗೆ ತಾಗಿದರೆ ಎಂದು ಹೆದರಿ ನಾನೇ ಕೈಗೆ ಚೀಲ ಹೊಲಿಸಿ ತಂದಿದ್ದೆ. ಈಗ ಆ ಚೀಲ ಸರಿಸಿ ನೋಡಿದರೆ ಉಗುರಿರಲಿಲ್ಲ.

"ಉಗುರು ತಗದೀಯೇನ ನೀಲಾ?"

"ಇಲ್ರಿ. ತಾನ ಮೆತ್ತಗಾಗಿ ಹೋದೂ. ಅವ್ವ ಚೊಲೋ ಆತು ಅಂದ್ಲು."

"ಎಲ್ಲಾದಕ್ಕೂ ಅಂಜಬ್ಯಾಡ್ರಿ," ಎಂದರು ಅತ್ತೆ. "ಅಂಜೂದಾದ್ರ ನನ್ನ ರೇಷನ್‌ಗೆ ಅಂಜ್ರಿ. ಇವತ್ತ ಅಂಗಡ್ಯಾಗ ನನ್ನ ಹೆಬ್ಬಟ್ಟ ತಗೋಳಲಿಲ್ಲ ಆ ಮಿಶನ್. ತಿರುತಿರುಗಿ ಒತ್ತಿದೆ. ಅಕ್ಕಿ ಇಲ್ದ ಬಂದೆ."

ಅತ್ತೆ ಎಂದೂ ನಮ್ಮ ನೆಲಮಾಳಿಗೆಗೆ ಬಂದವರಲ್ಲ. ಅವರ ಕೈ ತಿರುಗಿಸಿ ನೋಡಿದೆ. ರೊಟ್ಟಿ ಬಡಿದು ಬಡಿದು ಕಲ್ಲಾಗಿದ್ದ ಆ ಅಂಗೈ ಎಳೆಯ ಹುಡುಗಿಯದಾಗಿತ್ತು. ಆಗ ವಾಸನೆ ಬಂತು. ಬಹುಶಃ ಬಾಗಿಲಿಗೆ ಬಂದಾಗಲೇ ಬಂದಿತ್ತು, ನನ್ನ ಬಟ್ಟೆಗೆ ಅಂಟಿದ್ದು ಎಂದುಕೊಂಡಿದ್ದೆ.

"ದೋಸಿ ಹಿಟ್ಟು ರುಬ್ಬೀರೇನ್ರಿ ಅತ್ತಿ?"

"ಬಾಣಂತಿ ಮನ್ಯಾಗ ದೋಸಿ ಯಾರ ಮಾಡ್ತಾರ್ರಿ?" ಎಂದರು ಅವರು, ನನ್ನನ್ನು ವಿಚಿತ್ರವಾಗಿ ನೋಡುತ್ತ.

ಜಾಡು ಹಿಡಿದು ಹೋದೆ. ವಾಸನೆ ಬಚ್ಚಲಿಗೆ ಕರೆದೊಯ್ಯಿತು. ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ದೊಡ್ಡದೊಂದು ವಸ್ತು ನಿಂತಿತ್ತು. ಚೀಲ ಎಳೆದೆ. ನೀಲಿ ಡ್ರಮ್ಮು. ಕಾರ್ಖಾನೆಯ ಚೀಟಿ ಕಿತ್ತ ಗುರುತು ಇನ್ನೂ ಇತ್ತು.

ಉಪ್ಪು ಖಾಲಿಯಾದ ಡ್ರಮ್ಮನ್ನು ಕೊಯ್ದು ಚೂರು ಮಾಡಬೇಕೆಂಬುದು ನಿಯಮ. ನಿಯಮ ಬರೆದವರ ಊರಿನಲ್ಲಿ ನಳ ದಿನವೂ ಬರುತ್ತಿರಬೇಕು. ಗಟ್ಟಿಮುಟ್ಟಾದ, ಬಾಯಿ ಅಗಲದ, ಬಿಗಿ ಮುಚ್ಚಳದ ಡ್ರಮ್ಮನ್ನು ಕೊಯ್ಯುವ ಕೈ ಹುಬ್ಬಳ್ಳಿಯಲ್ಲಿ ಹುಟ್ಟಿಲ್ಲ. ಕೊಯ್ಯುವ ಗರಗಸ ಹೊದಿಕೆಯೊಳಗೇ ತುಕ್ಕು ಹಿಡಿದಿತ್ತು. ಹೆಂಗಸರು ಡ್ರಮ್ಮುಗಳನ್ನು ಚೆನ್ನಾಗಿ ತೊಳೆದು ತಮ್ಮ ತಮ್ಮ ಓಣಿಗೆ ಒಯ್ದಿದ್ದರು. ಎಷ್ಟು ತೊಳೆದರೂ ಸಾಸಿವೆಯಷ್ಟು ಉಪ್ಪು ಉಳಿದೇ ಉಳಿಯುತ್ತದೆ. ಆ ಡ್ರಮ್ಮುಗಳು ತೊಟ್ಟಿಯ ಮಗ್ಗುಲಲ್ಲೇ ನಿಂತಿರುತ್ತಿದ್ದವು, ಮುಚ್ಚಳ ತೆರೆದಾಗಲೆಲ್ಲ ಹನಿ ಸಿಡಿಯುತ್ತಿತ್ತು. ನುಂಗವ್ವನೂ ಅವಳ ಬುತ್ತಿಯೂ ಒಟ್ಟಿಗೇ ಮನೆ ಸೇರಿದ್ದರು.

ನೀಲಾ ಬಚ್ಚಲ ಬಾಗಿಲಿಗೆ ಬಂದು ನಿಂತಿದ್ದಳು. "ಫಕೀರವ್ವ ಕೊಟ್ಲು. ಬಾಣಂತಿ ಮನಿ, ನೀರು ಬಾಳ ಬೇಕಾಗತೈತಿ ಅಂತ ಪಾಪ ತಾನ ಹೊತಗೊಂಡು ಬಂದ್ಲು. ನಿಮಗ ಹೇಳಿದ್ರ ಬ್ಯಾಡ ಅಂತೀರಿ ಅಂತ ಅವ್ವ ಚೀಲ ಹೊಚ್ಚಿದ್ಲು."

"ಕುಡ್ಯಾಕೂ ಇದನ್ನ ತಗೋತೀರಿ?"

"ಕಾಸಿ ಕುಡೀತೇವ್ರಿ. ಯಾಕ್ರಿ, ಏನಾತು? ಮಾರಿ ಯಾಕ ಹಿಂಗಾಗೇತಿ?"

ಕಾಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಉಪ್ಪು ಸಾಯುವುದಿಲ್ಲ. ಕೂಸಿಗೆ ಎರೆಯುವಾಗ ಬಿಸಿನೀರಿಗೆ ಬೆರೆಸುವ ತಣ್ಣೀರಂತೂ ಡ್ರಮ್ಮಿನದೇ. ಎರಡು ಬೀಗಗಳಲ್ಲಿ ಒಂದು ಮುರಿದಿತ್ತು. ಇನ್ನೊಂದನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ಹೋದೆ. ಬದುಕಿದ್ದನ್ನು ಅದು ಮುಟ್ಟುವುದಿಲ್ಲ. ಚರ್ಮದ ಮೇಲ್ಪದರ ಸತ್ತದ್ದು, ತಿಂದಿದೆ. ಉಗುರು ಸತ್ತದ್ದು, ತಿಂದಿದೆ. ಹೊಕ್ಕುಳ ಬಳ್ಳಿಯ ಒಣತುಂಡು ಸತ್ತದ್ದು, ತಿಂದಿದೆ. ಇನ್ನೇನು ತಿನ್ನಬಲ್ಲದು ಎಂದು ಕೇಳಿಕೊಳ್ಳುವಷ್ಟರಲ್ಲಿ ನೀಲಾ ಹೇಳಿದಳು.

"ಮುಂಜಾನಿಂದ ಹೊಕ್ಕಳದಾಗ ರಕ್ತ ಜಿನಗಾಕತ್ತೈತ್ರಿ. ಹೊಕ್ಕಳ ಉದರಿದ ಮ್ಯಾಲೆ ಒಂದಿಷ್ಟು ಹಂಗ ಆಗತೈತಿ ಅಂತಾಳ ಅವ್ವ."

ಕೂಸನ್ನು ಎತ್ತಿಕೊಂಡು ಹೊರಟೆ, ನೀಲಾ ಹಿಂದೆಯೇ ಬಂದಳು. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತರು. "ತೊಟ್ಲಕ್ಕ ಹಾಕೂತನಕ ಕೂಸಿನ್ನ ಹೊರಗ ಒಯ್ಯಂಗಿಲ್ಲ. ನಿಮ್ಮ ಅಂಜಿಕಿಗೆ ನಮ್ಮ ಕೂಸಿನ್ನ ಬಿಸಿಲಿಗೆ ಹಾಕತೀರೇನು?"

ಕೂಸಿನ ಬಟ್ಟೆಯ ಮೇಲೆ ಕೆಂಪು ಕಲೆ ಕಾಸಿನಷ್ಟಿದ್ದದ್ದು ಅಂಗೈಯಷ್ಟಾಗಿತ್ತು. ನನ್ನ ಕಣ್ಣಿನಿಂದ ನೀರು ಸುರಿಯತೊಡಗಿತು. ನಾನು ಹೆದರಿದ್ದನ್ನು ಅತ್ತೆ ಬೇಕಾದಷ್ಟು ಸಲ ನೋಡಿದ್ದರು, ಅಳುವುದನ್ನು ನೋಡಿರಲಿಲ್ಲ. ಅವರು ಇನ್ನೊಂದು ಮಾತಾಡದೆ ಗೂಟಕ್ಕೆ ಹಾಕಿದ್ದ ಶಾಲು ತೆಗೆದು ಕೂಸಿಗೆ ಹೊದಿಸಿ, ತಾವೇ ಮುಂದಾಗಿ ಓಣಿಯ ಬಾಯಿಗೆ ಆಟೋ ಕರೆಯಲು ಓಡಿದರು.

ಆಸ್ಪತ್ರೆಯಲ್ಲಿ ಕೂಸಿಗೆ ಹೆಸರಿಲ್ಲದ್ದರಿಂದ ಕಾಗದದಲ್ಲಿ 'ನೀಲಾಂಬಿಕಾ ಅವರ ಕೂಸು' ಎಂದು ಬರೆದುಕೊಂಡು ಒಳಗೆ ಒಯ್ದರು. ಹುಯಿಲಗೋಳ ಮೇಡಂ ಹೊಕ್ಕುಳಿನಿಂದ ಹತ್ತಿಯಲ್ಲಿ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಹಳ ಹೊತ್ತು ಕಣ್ಣು ಎತ್ತಲಿಲ್ಲ. ಎತ್ತಿದಾಗ ಅವರು ಅಂಜಿದ್ದರು. ಧೈರ್ಯವಂತರ ಮುಖದಲ್ಲಿ ಅಂಜಿಕೆ ಕಾಣುವುದು ನಾವು ಅಂಜುವುದಕ್ಕಿಂತ ಕೆಟ್ಟದ್ದು.

"ನುಂಗವ್ವನ ಅದಾಳ," ಎಂದರು.

"ಜೀವ ಇದ್ದದ್ದನ್ನ ತಿನ್ನೂದಿಲ್ಲಂತ ಹೇಳಿದ್ರಿ ಮೇಡಂ."

"ತಿನ್ನೂದಿಲ್ಲೋ. ಆದ್ರ ಹುಟ್ಟಿದ ಕೂಸಿನ ಹೊಟ್ಟ್ಯಾಗ ಒಂದು ದಾರಿ ಇರತೈತಿ ನೋಡು." ಅವರು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದರು. "ತಾಯಿ ಹೊಟ್ಟ್ಯಾಗಿದ್ದಾಗ ಹೊಕ್ಕಳದಿಂದ ಪಿತ್ತಜನಕಾಂಗದ ತನಕ ರಕ್ತ ಹರೀತಿದ್ದ ನಾಳ. ಹುಟ್ಟಿದ ಮ್ಯಾಲೆ ಅದಕ್ಕ ಕೆಲಸ ಇಲ್ಲ. ಒಳಗ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಂತೈತಿ. ಆ ಹೆಪ್ಪು ಸತ್ತದ್ದು. ಇದು ಅದನ್ನ ತಿನಕೋತ ಒಳಗ ಹೊಂಟೈತಿ. ಬಿರಡಿ ತಗದಂಗ. ಪೂರ್ತಿ ತಿಂದ್ರ..."

ಕೊಲ್ಲುವ ಔಷಧವಿರಲಿಲ್ಲ. ಲ್ಯಾಬಿನ ಕಸದಲ್ಲಿ ಔಷಧದ ಅಂಶ ಬೇಕಾದಷ್ಟು ಇರುತ್ತದೆ, ಅದಕ್ಕೆಲ್ಲ ಜಗ್ಗದ ಹಾಗೆ ಮೇಡಮ್ಮೇ ಅದನ್ನು ಬೆಳೆಸಿದ್ದರು. ಉಳಿದದ್ದು ಒಂದೇ ದಾರಿ. ಉಪ್ಪು ತಪ್ಪಿಸುವುದು. ಕೂಸಿನ ಮೈಯನ್ನು ಆಸ್ಪತ್ರೆಯ ಶುದ್ಧ ನೀರಿನಿಂದ ಮತ್ತೆ ಮತ್ತೆ ತೊಳೆದರು. ಬಟ್ಟೆ, ಶಾಲು, ಕೈಗೆ ಹಾಕಿದ್ದ ಚೀಲ ಎಲ್ಲ ಹಳದಿ ಚೀಲಕ್ಕೆ ಹೋದವು. ಕೂಸು ಹಸಿದು ಅಳತೊಡಗಿತು. ನೀಲಾ ಎದೆಗೆ ತೆಗೆದುಕೊಳ್ಳಲು ಕೈ ಚಾಚಿದಾಗ ಮೇಡಂ ತಡೆದರು.

"ಬ್ಯಾಡವಾ. ನೀ ಇಷ್ಟು ದಿನ ಅದ ನೀರು ಕುಡದೀ. ಉಪ್ಪು ನಿನ್ನ ಹಾಲಿನ್ಯಾಗೂ ಇರತೈತಿ."

ನೀಲಾ ಅವರನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಕೂಸಿಗೆ ಚಮಚೆಯಲ್ಲಿ ಪುಡಿಹಾಲು ಹಾಕಿದರು, ಅದು ಅರ್ಧ ಉಗುಳಿತು. ಪರದೆಯ ಆಚೆ ನೀಲಾ ಎದೆ ಬಿಗಿದು ತಾಳಲಾರದೆ ಹಾಲು ಹಿಂಡಿ ಬಟ್ಟಲಿಗೆ ತುಂಬಿದಳು. ಅದನ್ನು ಎಲ್ಲಿ ಹಾಕಬೇಕೆಂದು ಯಾರಿಗೂ ಹೇಳುವ ಬಾಯಿರಲಿಲ್ಲ. ಅವಳೇ ಎದ್ದು, ಯಾವ ಕಸ ಯಾವ ಚೀಲಕ್ಕೆ ಎಂಬ ಗೋಡೆಯ ಮೇಲಿನ ಚಿತ್ರ ನೋಡಿ, ಹಳದಿ ಚೀಲದ ಬಾಯಿ ಬಿಚ್ಚಿ ಅದರಲ್ಲಿ ಸುರಿದು ಗಂಟು ಹಾಕಿದಳು. ಬಂದು ನನ್ನ ಪಕ್ಕ ಕೂತಳು.

ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ಸುಮ್ಮನೆ ಹೇಳುವ ಹಾಗೆ ಒಂದು ಮಾತು ಹೇಳಿದರು. "ಓಣ್ಯಾಗ ಈಗ ಡ್ರಮ್ ತೊಳ್ಯಾಕ ಹತ್ತಿರ್ತಾರ."

ಮರುದಿನ ನಳ ಬರುವುದಿದ್ದರೆ ಹಿಂದಿನ ಸಂಜೆ ಉಳಿದ ನೀರನ್ನೆಲ್ಲ ಗಟಾರಕ್ಕೆ ಚೆಲ್ಲಿ, ಡ್ರಮ್ಮು ತಿಕ್ಕಿ ಬೋರಲು ಹಾಕುವುದು ಆ ಕಡೆಯ ಪದ್ಧತಿ. ಹಳೇ ನೀರಿನ ಮೇಲೆ ಹೊಸ ನೀರು ಹಿಡಿಯಬಾರದು. ಮತ್ತು ಆ ಓಣಿಯಲ್ಲಿ ನಳದ ಕೊಳವೆ ಗಟಾರದೊಳಗಿಂದಲೇ ಹೋಗುತ್ತದೆ. ಕೊಳವೆ ಹಳೆಯದು, ಹತ್ತಾರು ಕಡೆ ತೂತು. ನೀರಿಲ್ಲದ ದಿನಗಳಲ್ಲಿ ಗಟಾರದ್ದನ್ನು ಒಳಗೆ ಹೀರಿಕೊಂಡಿರುತ್ತದೆ. ಬೆಳಿಗ್ಗೆ ನೀರು ಬಿಟ್ಟಾಗ ಅದು ಮುಂದಿನ ಓಣಿ, ಅದರ ಮುಂದಿನ ಓಣಿ, ಎಲ್ಲೆಲ್ಲಿ ಕೂಸು ಎರೆಯುತ್ತಿದ್ದಾರೋ ಅಲ್ಲೆಲ್ಲ ಹೋಗುತ್ತದೆ. ಇದನ್ನು ನಾನು ಮೇಡಂಗೆ ತೊದಲುತ್ತ ಹೇಳಿದೆ.

"ಎಲ್ಲಾ ನೀರು ಇಲ್ಲಿಗೆ ತರಸು," ಎಂದರು ಅವರು. "ತೊಟ್ಟಿಗೆ ಹಾಕೂಣು. ಆವಿ ಅಷ್ಟ ಹೊರಗ ಬರತೈತಿ, ಉಪ್ಪು ಒಳಗ ಉಳೀತೈತಿ. ಅಕೀ ಉಪ್ಪಿಗೆ ಅಕೀ ಹೊಟ್ಟಿ ಬಿಟ್ರ ಬ್ಯಾರೆ ಜಾಗ ಇಲ್ಲ."

ಕೂಸನ್ನು ಬಿಟ್ಟು ಹೋಗಬೇಕಿತ್ತು. ಮರಳಿ ಬರುವಷ್ಟರಲ್ಲಿ ಏನು ನೋಡಬೇಕಾಗುತ್ತದೋ ಎಂದು ಆಟೋದಲ್ಲಿ ಉದ್ದಕ್ಕೂ ಹಿಂದೆ ತಿರುಗಿ ನೋಡುತ್ತಿದ್ದೆ. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಆ ಮೆತ್ತನೆಯ, ಗೆರೆಯಿಲ್ಲದ ಅಂಗೈ ತಾಗಿದಾಗ ಇನ್ನಷ್ಟು ಹೆದರಿಕೆಯಾಯಿತು.

ಓಣಿಗೆ ಬಂದಾಗ ಬೀದಿದೀಪ ಹತ್ತಿದ್ದವು. ಮನೆಮನೆಯ ಮುಂದೆ ಡ್ರಮ್ಮು ಉರುಳಿಸಿ ತಂದಿದ್ದರು. ಅದರಲ್ಲಿ ನೀಲಿಯವೇ ಹೆಚ್ಚು. ಒಬ್ಬಾಕೆ ಆಗಲೇ ಡ್ರಮ್ಮು ವಾಲಿಸುತ್ತಿದ್ದಳು.

"ಚೆಲ್ಲಬ್ಯಾಡ್ರಿ," ಎಂದು ಕೂಗಿದೆ. ನನ್ನ ಧ್ವನಿ ಅರ್ಧಕ್ಕೇ ಒಡೆಯಿತು. ಬ್ಯಾಕ್ಟೀರಿಯಾ, ಉಪ್ಪು, ಕೊಳವೆ ಎಂದೇನೋ ಹೇಳಿದೆ. ಯಾರೋ ನಕ್ಕರು. ಬಸಲಿಂಗವ್ವನ ಅಳಿಯ ಯಾವಾಗಲೂ ಹೀಗೇ ಎಂದು ಇನ್ನೊಬ್ಬರು ಹೇಳಿದ್ದು ಕೇಳಿತು. ಆಕೆ ಡ್ರಮ್ಮು ಬೋರಲು ಮಾಡಿಯೇಬಿಟ್ಟಳು, ನೀರು ದಡದಡ ಗಟಾರಕ್ಕೆ ಇಳಿಯಿತು.

ಅತ್ತೆ ಕಟ್ಟೆ ಹತ್ತಿ ನಿಂತರು. "ನಮ್ಮ ಕೂಸು ದವಾಖಾನ್ಯಾಗ ಐತಿ," ಎಂದರು. ಅವರು ಕೂಗಲಿಲ್ಲ. "ಉಳೀತೈತೋ ಇಲ್ಲೋ ಗೊತ್ತಿಲ್ಲ. ಈ ಡ್ರಮ್ಮಿನ ನೀರು ನಾನ ಎರದೇನಿ, ಈ ಕೈಲೆ. ಎಲ್ಲಾರೂ ನಿಮ್ಮ ನಿಮ್ಮ ಹೆಬ್ಬಟ್ಟ ನೋಡಕೋರಿ."

ಹೆಂಗಸರು, ಗಂಡಸರು, ಬೀಡಿ ಸೇದುತ್ತಿದ್ದ ಮುದುಕರು, ಎಲ್ಲರೂ ಬೀದಿದೀಪದ ಕೆಳಗೆ ಸರಿದು ಹೆಬ್ಬೆರಳು ಮುಖದ ಹತ್ತಿರ ಹಿಡಿದು ನೋಡಿಕೊಂಡರು. ಫಕೀರವ್ವ ತನ್ನ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ಚೊಲೋದಾಗ್ಲಿ ಅಂತ ಕೊಟ್ಟೇನ್ರಿ ಅಕ್ಕಾ," ಎಂದು ಅತ್ತೆಯ ಕಡೆ ನೋಡಿ ಅಂದಳು. "ಗೊತ್ತೈತವಾ," ಎಂದರು ಅತ್ತೆ. "ಏಳು. ಮುಚ್ಚಳಾ ಬಿಗಿ ಮಾಡು."

ಗಟಾರಕ್ಕೆ ಆಚೆ ಈಚೆ ಮಣ್ಣು, ಬೂದಿ, ಹೊಟ್ಟು ತುಂಬಿದ ಚೀಲ ಅಡ್ಡ ಹಾಕಿ, ಬಿದ್ದ ನೀರನ್ನು ಕೊಡದಲ್ಲಿ ಬಳಿದು, ಕೆಸರನ್ನು ಬುಟ್ಟಿಯಲ್ಲಿ ತುಂಬಿದೆವು. ನೀರು ಬಿಡುವ ಕಲ್ಲಪ್ಪ, ಸಾಹೇಬರ ಆರ್ಡರ್ ಇಲ್ಲದೆ ನಳ ನಿಲ್ಲಿಸಲಾರೆ ಎಂದ. ಅತ್ತೆ ಅವನ ಮನೆಗೇ ಹೋಗಿ ವಾಲ್ವು ತಿರುಗಿಸುವ 'ಟಿ' ಕೀಲಿಯನ್ನು ಇಸಿದುಕೊಂಡು ಬಂದು, ಆರ್ಡರ್ ಬರುವತನಕ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಬೆಳಗಾದ ಮೇಲೆ ಲಾರಿಗಳು ಈ ಓಣಿಗೂ, ಹೆಂಗಸರು ಹೆಸರಿಸಿದ ಬೇರೆ ಓಣಿಗಳಿಗೂ ಬಂದವು. ಸೀರೆ, ಹಗ್ಗ ಕಟ್ಟಿ ಅಲುಗದಂತೆ ಡ್ರಮ್ಮುಗಳನ್ನು ಏರಿಸಿದೆವು. ಜನ ತಾವು ಎಂಟು ದಿನ ಕಾದು ಹಿಡಿದಿಟ್ಟ ನೀರನ್ನು, ಕುಡಿಯುವ ಕೊಡದ ತಳದಲ್ಲಿದ್ದುದನ್ನೂ ಬಿಡದೆ, ತಂದು ಒಪ್ಪಿಸಿದರು. ಕಸದಂತೆ ಅದನ್ನು ನೆಲಮಾಳಿಗೆಗೆ ಇಳಿಸಿ ತೊಟ್ಟಿಗೆ ಸುರಿದೆವು. ಕೊನೆಯ ಡ್ರಮ್ಮು ಬಿದ್ದಾಗ ನುಂಗವ್ವ ಕುದಿಯುವ ಹಾಗೆ ಗುಳುಗುಳು ಎಂದಳು. ಹುಳಿವಾಸನೆ ಮೂಗಿಗೆ ಬಡಿಯಿತು. ಇಷ್ಟು ಉಪ್ಪು ಅವಳು ಎಂದೂ ಉಂಡಿರಲಿಲ್ಲ.

ಮೇಡಂ ಉಪ್ಪಿನ ನಳಿಗೆಯನ್ನು ತಾವೇ ಕಿತ್ತುಹಾಕಿದರು. ಕಾರ್ಖಾನೆಗೆ ಫೋನ್ ಮಾಡಿ ಇನ್ನು ಕಳಿಸಬೇಡಿ ಎಂದರು. ಉಂಡದ್ದು ತೀರಿದ ಮೇಲೆ ಅವಳು ಹಸಿದು ಸಾಯಬೇಕು. ಅವರು ಗಾಜಿಗೆ ಹಣೆ ಹಚ್ಚಿ ನಿಂತೇ ಇದ್ದರು. ನನಗೆ ಅಲ್ಲಿ ನಿಲ್ಲಲು ಧೈರ್ಯವಿರಲಿಲ್ಲ, ಮಹಡಿ ಹತ್ತಿದೆ.

ನೀಲಾ ಕೂಸಿನ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಕೂಸು ಅಲುಗಾಡುತ್ತಿರಲಿಲ್ಲ. ನಾನು ನಿಂತಲ್ಲೇ ನಿಂತೆ. ಹತ್ತಿರ ಹೋಗಿ ಮೂಗಿನ ಬಳಿ ಬೆರಳು ಹಿಡಿಯಬೇಕು, ಹೋಗಲಾರೆ. ಉಸಿರಿಲ್ಲದಿದ್ದರೆ ಆ ಬೆರಳನ್ನು ಆಮೇಲೆ ಏನು ಮಾಡಲಿ? ನರ್ಸು ಬಂದು ಕೂಸಿನ ಹೊಟ್ಟೆಯ ಮೇಲಿನ ಹತ್ತಿ ತೆಗೆದಳು. ತಿರುಗಿಸಿ ನೋಡಿ ನನಗೂ ತೋರಿಸಿದಳು. ಹತ್ತಿ ಬೆಳ್ಳಗಿತ್ತು.

"ನಸಕಿನ್ಯಾಗ ನಿಂತೈತ್ರಿ," ಎಂದಳು. "ಈಗ ಹಾಲು ಕುಡದು ಮಲಗೈತಿ. ಪೂರ್ತಿ ಕುಡೀತು."

ನೆಲದ ಮೇಲೆ ಕೂತುಬಿಟ್ಟೆ. ನೀಲಾ ಎಚ್ಚರಾಗಿ ನನ್ನನ್ನು ನೋಡಿ ಹೌಹಾರಿದಳು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಅವಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಅವಳ ಹಾಲಿನಲ್ಲಿ ಉಪ್ಪಿಲ್ಲವೆಂದು ಮೇಡಂ ಹೇಳಲು ಇನ್ನೂ ಕೆಲವು ದಿನ ಹಿಡಿದವು. ಅಷ್ಟರಲ್ಲಿ ಹಾಲೇ ಕಡಿಮೆಯಾಗಿತ್ತು. ಕೂಸಿನ ತೊಟ್ಟಿಲು ತಡವಾಗಿ, ಓಣಿಯವರೆಲ್ಲ ಟ್ಯಾಂಕರ್ ನೀರು ಹಿಡಿದು ಮುಗಿಸಿದ ಮೇಲೆ ಆಯಿತು. ಹೆಸರು ಗಂಗಾಂಬಿಕಾ. ಓಣಿಯ ಜನರ ಹೆಬ್ಬೆಟ್ಟಿನ ಗೆರೆಗಳು ನಿಧಾನವಾಗಿ ಮರಳಿದವು. ರೇಷನ್ ಅಂಗಡಿಯ ಯಂತ್ರ ಅತ್ತೆಯ ಬೆರಳನ್ನು ಒಪ್ಪಿದ ದಿನ ಅವರು ಎಲ್ಲರಿಗೂ ಸಕ್ಕರೆ ಹಂಚಿದರು. ನೆಲಮಾಳಿಗೆಯ ತೊಟ್ಟಿ ಈಗ ಖಾಲಿ. ಹಳದಿ ಚೀಲಗಳು ಮತ್ತೆ ಊರಾಚೆ ಸುಡಲು ಹೋಗುತ್ತವೆ, ಹೊಗೆ ಕಂಡಾಗ ಅದಕ್ಕೂ ನಾನು ಅಂಜುತ್ತೇನೆ.

ಇಷ್ಟಾದರೂ ಒಂದು ಡ್ರಮ್ಮು ಸಿಗಲಿಲ್ಲ. ಮದುವೆಯ ಸಾಮಾನು ಒಯ್ಯುತ್ತಿದ್ದ ಯಾವುದೋ ಟೆಂಪೋದವರು ಕೇಳಿದರೆಂದು ಫಕೀರವ್ವ ಕೊಟ್ಟಿದ್ದಳಂತೆ. ಯಾವ ಊರಿನ ಟೆಂಪೋ ಎಂಬುದು ಅವಳಿಗೆ ನೆನಪಾಗುತ್ತಿಲ್ಲ. ನೆನಪು ಮಾಡಿಕೊಳ್ಳಲು ಹೋಗಿ ಅಳುತ್ತಾಳೆ. ಮೇಡಂ ಪೇಪರಿನಲ್ಲಿ ಹಾಕಿಸಿದರು, ರೇಡಿಯೋದಲ್ಲಿ ಹೇಳಿಸಿದರು. ಯಾರೂ ತಂದುಕೊಟ್ಟಿಲ್ಲ. ಒಳ್ಳೆಯ ಡ್ರಮ್ಮನ್ನು ಯಾರು ತಂದುಕೊಡುತ್ತಾರೆ?

ನೀಲಾ ಈಗ ಬಾಣಂತಿಯಲ್ಲ. ನಿನ್ನೆ ಅತ್ತೆ ನಮ್ಮ ಮನೆಗೆ ಬಂದವರು ದೋಸೆಗೆ ರುಬ್ಬಿಟ್ಟಿದ್ದರು. ಬೆಳಿಗ್ಗೆ ಎದ್ದಾಗ ಆ ವಾಸನೆ ಮನೆ ತುಂಬಿತ್ತು. ಹಿಟ್ಟಿನದೇ ಎಂದು ನನಗೆ ಗೊತ್ತು. ಆದರೂ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ, ಬಚ್ಚಲಿಗೆ ಹೋಗಿ ನೋಡಿದೆ, ಪಕ್ಕದ ಮನೆಯವರ ಹಿತ್ತಿಲಿನ ಡ್ರಮ್ಮು ಯಾವ ಬಣ್ಣದ್ದೆಂದು ಗೋಡೆಯ ಮೇಲಿಂದ ಇಣುಕಿ ನೋಡಿದೆ. ಅತ್ತೆ ಎಲ್ಲ ನೋಡುತ್ತಿದ್ದರು. ನಗಲಿಲ್ಲ. ಮಲಗಿದ್ದ ಗಂಗಾಳನ್ನು ಎತ್ತಿ ತಂದು, ಕಿಟಕಿಯ ಬೆಳಕಿಗೆ ಅವಳ ಮುಷ್ಟಿ ಬಿಡಿಸಿ, ಹೆಬ್ಬೆರಳನ್ನು ನನ್ನ ಕಣ್ಣಿನ ಮುಂದೆ ಹಿಡಿದರು.

ಗೆರೆಗಳಿದ್ದವು. ನಾಳೆ ಮತ್ತೆ ನೋಡಬೇಕು.